ಹೊರಗೆ ಹಾಕಿದ ಕುರ್ಚಿಗೆ ಲೆಕ್ಕ ಇಡೋರು ಯಾರು?

ಇವತ್ತು ಕುರ್ಚಿ ವಿಷಯ ಮಾತಾಡೋಣ. ಗಾಬರಿ ಬೇಡ, ವಿಧಾನಸೌಧದ ಕುರ್ಚಿ ಅಲ್ಲ. ಹೋಟೆಲ್ ಕುರ್ಚಿ. ಅದರಲ್ಲೂ ಹೋಟೆಲ್ ಒಳಗಿರೋ ಕುರ್ಚಿ ಅಲ್ಲ, ಹೊರಗೆ ಮರದ ಕೆಳಗೆ, ಶೀಟಿನ ಕೆಳಗೆ, ಮಹಡಿ ಮೇಲೆ, ಫುಟ್‌ಪಾತ್ ಅಂಚಿನಲ್ಲಿ ಹಾಕಿರ್ತಾರಲ್ಲ, ಆ ಪ್ಲಾಸ್ಟಿಕ್ ಕುರ್ಚಿ.

ಹೋದ ತಿಂಗಳು ಒಂದು ಭಾನುವಾರ ಮನೆಯವರನ್ನೆಲ್ಲ ಕರ್ಕೊಂಡು ಸೋಮನಾಥಪುರಕ್ಕೆ ಹೋಗಿದ್ದೆ. 1258ರ ದೇವಸ್ಥಾನ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಜಾಸ್ತಿ ಬರ್ತಿದ್ದಾರೆ. ಅಲ್ಲಿಂದ ಬನ್ನೂರಿಗೆ ಏಳೆಂಟು ಕಿಲೋಮೀಟರ್. ಮಧ್ಯಾಹ್ನ ಎರಡು ಗಂಟೆ, ಹೊಟ್ಟೆ ಚುರುಗುಟ್ತಾ ಇದೆ. ಬನ್ನೂರು ಅಂದ್ರೆ ಗೊತ್ತಲ್ಲ, ಕುರಿ. ಬನ್ನೂರು ಕುರಿ ಮಾಂಸದ ರುಚಿ ಬಗ್ಗೆ ಮಾತಾಡೋಕೆ ಶುರು ಮಾಡಿದ್ರೆ ಈ ಕಾರ್ಯಕ್ರಮದ ಟೈಮೆಲ್ಲ ಅದಕ್ಕೇ ಹೋಗತ್ತೆ. ರಸ್ತೆ ಬದಿ ಒಂದು ಹೋಟೆಲ್ ಕಂಡ್ತು, ನಿಲ್ಲಿಸಿದ್ವಿ. ಹೆಸರು ಬೇಡ. ಊಟ ಚೆನ್ನಾಗಿತ್ತು, ಆ ಮಾತು ಮೊದಲು ಹೇಳ್ಬಿಡ್ತೀನಿ.

ಒಳಗೆ ಒಂದು ಹಾಲ್. ಹತ್ತು ಟೇಬಲ್, ನಲವತ್ತು ಕುರ್ಚಿ. ಹಿಂದುಗಡೆ ತೆಂಗಿನ ತೋಟ. ತೋಟದಲ್ಲಿ ಮರಗಳ ಮಧ್ಯೆ ಕಬ್ಬಿಣದ ಪೈಪ್ ನಿಲ್ಲಿಸಿ ಮೇಲೆ ಶೀಟು, ಶೀಟು ಸಾಲದೆ ಇರೋ ಕಡೆ ಟಾರ್ಪಾಲು. ಅದರ ಕೆಳಗೆ ಸಾಲಾಗಿ ಟೇಬಲ್. ನಾನು ಎಣಿಸಿದೆ, ನಮ್ಮ ಕೆಲಸವೇ ಅದಲ್ವಾ: ಹೆಚ್ಚು ಕಡಿಮೆ ನೂರೈವತ್ತು ಕುರ್ಚಿ. ತಣ್ಣಗೆ ಗಾಳಿ ಬೀಸ್ತಿತ್ತು. ಒಳಗಿನ ಹಾಲ್‌ನಲ್ಲಿ ಯಾರೂ ಇಲ್ಲ, ಎಲ್ರೂ ತೋಟದಲ್ಲಿ.

ಊಟ ಆದ್ಮೇಲೆ ನಮ್ಮ ಅತ್ತೆ ಬಾತ್‌ರೂಮ್ ಎಲ್ಲಿದೆ ಅಂತ ಕೇಳ್ಕೊಂಡು ಹೋದ್ರು. ವಯಸ್ಸು ಅರವತ್ತೆಂಟು, ಸಕ್ಕರೆ ಕಾಯಿಲೆ ಇದೆ. ಐದು ನಿಮಿಷ ಆಯ್ತು, ಹತ್ತು ನಿಮಿಷ ಆಯ್ತು, ಬರ್ಲಿಲ್ಲ. ನೋಡೋಕೆ ಹೋದೆ. ಇಡೀ ಹೋಟೆಲ್‌ಗೆ ಇರೋದು ಒಂದೇ ಕೋಣೆ. ಗಂಡಸರಿಗೂ ಅದೇ, ಹೆಂಗಸರಿಗೂ ಅದೇ. ಆಗ ತಾನೇ ಒಂದು ಮಿನಿ ಬಸ್ ಬಂದು ನಿಂತಿದೆ, ಅದರಲ್ಲಿ ಇಳಿದ ಹೆಂಗಸರೆಲ್ಲ ಸಾಲಿನಲ್ಲಿ. ಗಂಡಸರು ಸಾಲಿನಲ್ಲಿ ನಿಲ್ತಾರಾ? ತೋಟದ ಬೇಲಿ ಕಡೆ ಹೋಗಿ ಬರ್ತಿದ್ರು. ಅತ್ತೆ ಇಪ್ಪತ್ತೈದು ನಿಮಿಷ ನಿಂತು ಹೋಗಿ ಬಂದ್ರು. ಬಂದವರು ಮೈಸೂರು ಮುಟ್ಟೋವರೆಗೂ ಒಂದು ಗುಟುಕು ನೀರು ಕುಡಿಲಿಲ್ಲ. ಏನೂ ಹೇಳ್ಲೂ ಇಲ್ಲ.

ಬಿಲ್ ಕೊಡುವಾಗ ಮಾಲೀಕರನ್ನ ಕೇಳ್ದೆ: "ಅಣ್ಣಾ, ಇಷ್ಟು ಜನಕ್ಕೆ ಒಂದೇ ಬಾತ್‌ರೂಮಾ?" ಅವರು ನನ್ನ ಮುಖ ಗುರುತು ಹಿಡಿದಿದ್ರು, ಸ್ವಲ್ಪ ಹುಷಾರಾದ್ರು. "ಸಾ, ನಮ್ ಲೈಸೆನ್ಸ್‌ನಾಗೆ ಇರೋದು ಈ ಹಾಲ್ ಒಂದೇ. ಹಾಲ್‌ಗೆ ಒಂದು ಬಾತ್‌ರೂಮ್ ಅದೆ. ತ್ವಾಟದಾಗಿರದು ಬಿಲ್ಡಿಂಗ್ ಅಲ್ಲ ಸಾ. ಜನ ಗಾಳಿಗೆ ಕೂತ್ಕಳ್ಲಿ ಅಂತ ಹಾಕಿವ್ನಿ, ಅಷ್ಟೇಯ."

ಮೋಸ ಮಾಡೋ ಮನುಷ್ಯ ಅಲ್ಲ ಅವರು. ನಿಜವಾಗ್ಲೂ ಹಾಗೇ ನಂಬಿದ್ದಾರೆ. ಗೋಡೆ ಇದ್ರೆ ಕಟ್ಟಡ, ಗೋಡೆ ಇಲ್ದಿದ್ರೆ ಕಟ್ಟಡ ಅಲ್ಲ. ಕಟ್ಟಡ ಅಲ್ದಿದ್ರೆ ನಿಯಮ ಇಲ್ಲ. ನಮ್ಮ ಎಷ್ಟೋ ಅಧಿಕಾರಿಗಳ ತಲೆಯಲ್ಲಿರೋದೂ ಇದೇ. ಹಾಗಾಗಿ ಇವತ್ತು ಪುಸ್ತಕದಲ್ಲಿ ನಿಜವಾಗಿ ಏನಿದೆ ಅಂತ ನೋಡೋಣ.

ನಮ್ಮ ದೇಶಕ್ಕೊಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಇದೆ. 1970ರಲ್ಲಿ ಮೊದಲು ಬಂತು, 1983, 2005, 2016ರಲ್ಲಿ ಪರಿಷ್ಕರಣೆ ಆಯ್ತು. ಒಂದು ಮಾತು ಮೊದಲೇ ಹೇಳ್ತೀನಿ, ಇದು ತಾನಾಗಿಯೇ ಕಾನೂನಲ್ಲ. ರಾಜ್ಯ ಸರ್ಕಾರ, ನಗರಪಾಲಿಕೆ, ಪುರಸಭೆ ತಮ್ಮ ಬೈಲಾದಲ್ಲಿ ಅಳವಡಿಸಿಕೊಂಡಷ್ಟಕ್ಕೆ ಮಾತ್ರ ಅದಕ್ಕೆ ಬಲ. ಆದ್ರೆ ಒಂದು ಜಾಗ ಸುರಕ್ಷಿತವಾ ಅಲ್ವಾ ಅಂತ ಇಂಜಿನಿಯರ್‌ಗಳು ನೋಡುವಾಗ ಕೈಗೆತ್ತಿಕೊಳ್ಳೋ ಅಳತೆಗೋಲು ಇದೇ.

ಈ ಸಂಹಿತೆಯಲ್ಲಿ ಕಟ್ಟಡಗಳನ್ನ ಜಾತಿ ಪ್ರಕಾರ ವಿಂಗಡಿಸಿದ್ದಾರೆ. ಮನೆ ಒಂದು ಗುಂಪು, ಶಾಲೆ ಒಂದು ಗುಂಪು, ಆಸ್ಪತ್ರೆ ಒಂದು, ಅಂಗಡಿ ಒಂದು. ಅದರಲ್ಲಿ 'ಡಿ' ಗುಂಪು ಅಂದ್ರೆ ಜನ ಸೇರುವ ಕಟ್ಟಡಗಳು. ಸಿನಿಮಾ ಥಿಯೇಟರ್, ಕಲ್ಯಾಣ ಮಂಟಪ, ದೇವಸ್ಥಾನ, ರೆಸ್ಟೋರೆಂಟ್ ಎಲ್ಲ ಇದರಲ್ಲೇ ಬರ್ತವೆ. ಇದಕ್ಕೆ ಸೇರಬೇಕಾದ್ರೆ ಎಷ್ಟು ಜನ ಇರಬೇಕು? 50. ಐವತ್ತು ಜನಕ್ಕಿಂತ ಕಡಿಮೆ ಇಲ್ಲದಂತೆ ಸೇರುವ ಜಾಗ ಅಂದ್ರೆ 'ಡಿ' ಗುಂಪು. ಈ ಗುಂಪಿಗೆ ಬಿದ್ದ ಕೂಡಲೇ ನಿಯಮ ಬಿಗಿಯಾಗತ್ತೆ. 2005ರ ಆವೃತ್ತಿ ನೋಡಿ: ಸಾಮಾನ್ಯ ಕಟ್ಟಡದಲ್ಲಿ ಹೊರಹೋಗುವ ಬಾಗಿಲು 1 ಮೀಟರ್ ಅಗಲ ಇದ್ರೆ ಸಾಕು, ಜನ ಸೇರುವ ಕಟ್ಟಡದಲ್ಲಿ 2 ಮೀಟರ್ ಇರಬೇಕು.

ಈಗ ನಮ್ಮ ಬನ್ನೂರು ಹೋಟೆಲ್‌ಗೆ ಬನ್ನಿ. ಒಳಗೆ 40 ಕುರ್ಚಿ. ಐವತ್ತಕ್ಕಿಂತ ಕಡಿಮೆ. ಚಿಕ್ಕ ಹೋಟೆಲ್, ನಿಯಮ ಹಗುರ. ತೋಟದಲ್ಲಿ ಬರೀ ಮೂರು ಟೇಬಲ್ ಹಾಕಿದ್ರೆ? 52. ಅಷ್ಟೇ, ಜಾತಿ ಬದಲಾಯ್ತು. ಇಟ್ಟಿಗೆ ಒಂದೂ ಇಟ್ಟಿಲ್ಲ, ಸಿಮೆಂಟ್ ಒಂದು ಬಾಂಡ್ಲಿ ಕಲಸಿಲ್ಲ. ಆ ಗೆರೆಯನ್ನ ದಾಟಿಸಿದ್ದು ಹನ್ನೆರಡು ಪ್ಲಾಸ್ಟಿಕ್ ಕುರ್ಚಿ.

"ಆದ್ರೆ ತೋಟ ಬಿಲ್ಡಿಂಗ್ ಅಲ್ವಲ್ಲ ಸಾ?" ಆ ಅಣ್ಣನ ಪ್ರಶ್ನೆ ಇನ್ನೂ ಹಾಗೇ ಇದೆ. ಬಿಡೋಣ ಬೇಡ. 'ಕಟ್ಟಡ' ಅಂದ್ರೆ ಏನು ಅಂತ ಸಂಹಿತೆ ಉದ್ದಕ್ಕೆ ಬರೆದಿದೆ. ಗೋಡೆ, ಛಾವಣಿ, ಜಗಲಿ, ಬಾಲ್ಕನಿ ಎಲ್ಲ ಸೇರಿಸಿದೆ. ಜಾಗವನ್ನ ಸುತ್ತುವರಿಯೋ ಕಾಂಪೌಂಡ್ ಗೋಡೆಯನ್ನೂ ಬಿಟ್ಟಿಲ್ಲ. ಹೊರಗಿಟ್ಟಿದ್ದು ಏನನ್ನ? ಟೆಂಟು, ಶಾಮಿಯಾನ, ಟಾರ್ಪಾಲಿನ ಚಪ್ಪರ. ಆದ್ರೆ ಅಲ್ಲೊಂದು ಷರತ್ತು ಇಟ್ಟಿದೆ ನೋಡಿ: ತಾತ್ಕಾಲಿಕವಾಗಿ, ಸಮಾರಂಭಕ್ಕೆ ಅಂತ, ಅನುಮತಿ ತಗೊಂಡು ಹಾಕಿದ್ದಕ್ಕೆ ಮಾತ್ರ ಆ ವಿನಾಯಿತಿ. ಮಗಳ ಮದುವೆಗೆ ಮನೆ ಮುಂದೆ ಹಾಕಿದ ಚಪ್ಪರ ಕಟ್ಟಡ ಅಲ್ಲ, ಸರಿ. ವರ್ಷದ ಮುನ್ನೂರ ಅರವತ್ತೈದು ದಿನ ಬಿರಿಯಾನಿ ಬಡಿಸೋ ಟಾರ್ಪಾಲು ತಾತ್ಕಾಲಿಕನಾ? ಸಮಾರಂಭನಾ? ದಿನಾ ಸಮಾರಂಭ ಅಂತೀರಾ?

ಇನ್ನು ಮೇಲೆ ಏನೂ ಇಲ್ಲ, ಬರೀ ಆಕಾಶ, ಬರೀ ಮರ. ಆಗ? ಇಲ್ಲಿ ನಮ್ಮ ಪುಸ್ತಕ ಅಷ್ಟು ಬಿಡಿಸಿ ಮಾತಾಡಲ್ಲ. ಅಮೆರಿಕದಲ್ಲಿ ಬಹುತೇಕ ರಾಜ್ಯಗಳು ಅಳವಡಿಸಿಕೊಂಡಿರೋ ಕಟ್ಟಡ ಸಂಹಿತೆ ಒಂದಿದೆ, ಅದು ಈ ವಿಷಯಕ್ಕೇ ಒಂದು ಕಲಮು ಇಟ್ಟಿದೆ. ಅಂಗಳ, ಪ್ಯಾಟಿಯೊ, ಜನ ಬಳಸುವ ಮಹಡಿ, ಇವುಗಳಲ್ಲಿ ಎಷ್ಟು ಜನ ಇರ್ತಾರೆ ಅಂತ ಬಳಕೆ ನೋಡಿ ಅಧಿಕಾರಿ ನಿಗದಿ ಮಾಡಬೇಕು. ಹೊರಗೆ ಕೂತವರು ಒಳಗಿನವರಿಗಿಂತ ಬೇರೆ ಜನ ಆಗಿದ್ದು, ಅವರು ಆಚೆ ಹೋಗೋ ದಾರಿ ಕಟ್ಟಡದೊಳಗಿಂದ ಹಾದು ಹೋಗ್ತಿದ್ರೆ, ಒಳಗಿನವರನ್ನೂ ಹೊರಗಿನವರನ್ನೂ ಕೂಡಿಸಿ ಬಾಗಿಲು ಲೆಕ್ಕ ಹಾಕಬೇಕು. ಇಷ್ಟೇ. ಎಷ್ಟು ಸರಳವಾಗಿದೆ ನೋಡಿ. ಬನ್ನೂರು ಸಂತೆಯಲ್ಲಿ ಕುರಿ ಮಾರೋ ಅಜ್ಜನಿಗೂ ಇದು ಗೊತ್ತು: ಕೊಟ್ಟಿಗೆಯಲ್ಲಿ ಹತ್ತು, ಬಯಲಲ್ಲಿ ಮೂವತ್ತು ಇದ್ರೆ ಅವನ ಹತ್ರ ಇರೋದು ನಲವತ್ತು ಕುರಿ. ಬಯಲಲ್ಲಿರೋದು ಕುರಿ ಅಲ್ಲ ಅಂತ ಅವನು ಹೇಳಲ್ಲ.

ಸರಿ, ಲೆಕ್ಕ ಹಾಕೋಣ. ಪೆನ್ನು ಪೇಪರ್ ಇದ್ರೆ ತಗೊಳ್ಳಿ. ನಿಮ್ಮೂರ ಹೋಟೆಲ್‌ಗೂ ಹಾಕಿ ನೋಡಬಹುದು.

ಒಳಗಿನ ಹಾಲ್ 20 ಅಡಿ ಅಗಲ, 30 ಅಡಿ ಉದ್ದ ಅಂತಿಟ್ಕೊಳ್ಳಿ. 600 ಚದರಡಿ, ಅಂದ್ರೆ ಸುಮಾರು 56 ಚದರ ಮೀಟರ್. 2005ರ ಸಂಹಿತೆಯಲ್ಲಿ ಊಟದ ಕೋಣೆಗೆ ಒಬ್ಬರಿಗೆ 1.5 ಚದರ ಮೀಟರ್ ಅಂತ ಲೆಕ್ಕ. ಭಾಗಿಸಿದ್ರೆ 37 ಜನ. ತೋಟದ ಜಾಗ 40ಕ್ಕೆ 60 ಅಡಿ ಅಂತಿಟ್ಕೊಳ್ಳಿ. 2,400 ಚದರಡಿ, 223 ಚದರ ಮೀಟರ್. ಭಾಗಿಸಿದ್ರೆ 148. ಎರಡೂ ಸೇರಿ 185. 2016ರ ಪರಿಷ್ಕರಣೆಯಲ್ಲಿ ಅಂಕಿಗಳು ಅಲ್ಲಿ ಇಲ್ಲಿ ಬದಲಾಗಿವೆ, ಲೆಕ್ಕ ಹಾಕೋ ರೀತಿ ಬದಲಾಗಿಲ್ಲ.

ಈಗ ಬಾಗಿಲು. 2005ರ ಸಂಹಿತೆಯಲ್ಲಿ ಅರ್ಧ ಮೀಟರ್ ಅಗಲವನ್ನ ಒಂದು ಘಟಕ ಅಂತಿದ್ರು, ಒಬ್ಬ ಮನುಷ್ಯ ಭುಜ ತಾಕಿಸದೆ ನಡೆಯೋಷ್ಟು ಜಾಗ. ಜನ ಸೇರುವ ಕಟ್ಟಡದ ಬಾಗಿಲಿನಲ್ಲಿ ಒಂದು ಘಟಕಕ್ಕೆ 60 ಜನ, ಮೆಟ್ಟಿಲಿನಲ್ಲಿ 40 ಜನ. ಆ ಹೋಟೆಲ್ ಬಾಗಿಲು ಒಂದು ಮೀಟರ್, ಎರಡು ಘಟಕ, 120 ಜನ. ಒಳಗಿನ 37 ಜನಕ್ಕೆ ಧಾರಾಳ. ತೋಟದ 148 ಜನವೂ ಅದೇ ಬಾಗಿಲಿಂದ ರಸ್ತೆಗೆ ಬರಬೇಕಾದ್ರೆ? 185 ಜನ, 120ರ ಬಾಗಿಲು. ತೋಟಕ್ಕೆ ಬೇರೆ ಗೇಟ್ ಇತ್ತಾ ಅಂತ ಕೇಳ್ತೀರಾ? ಇತ್ತು. ಬೀಗ ಹಾಕಿತ್ತು. ಬಿಲ್ ಕೊಡದೆ ಹೋಗ್ತಾರೆ ಅಂತ.

ನಗಬೇಡಿ. ಇದು ನಗೋ ವಿಷಯ ಅಲ್ಲ.

1981ರ ಫೆಬ್ರವರಿ 7. ಬೆಂಗಳೂರಿನಲ್ಲಿ ವೀನಸ್ ಸರ್ಕಸ್. ಸರ್ಕಸ್ ಅಂದ್ರೆ ಡೇರೆ, ಡೇರೆ ಅಂದ್ರೆ ಬಟ್ಟೆ. ಕಟ್ಟಡ ಅಲ್ಲ. ಬೆಂಕಿ ಬಿತ್ತು. 90ಕ್ಕೂ ಹೆಚ್ಚು ಜನ ಹೋದ್ರು, ಬಹಳಷ್ಟು ಮಕ್ಕಳು. 2004ರ ಜನವರಿ 23, ಶ್ರೀರಂಗಂ. ಕಲ್ಯಾಣ ಮಂಟಪದ ಮಹಡಿ ಮೇಲೆ ಗರಿ ಚಪ್ಪರ ಹಾಕಿ ಮದುವೆ ಮಾಡ್ತಿದ್ರು. ಮದುಮಗನೂ ಸೇರಿ 50ಕ್ಕೂ ಹೆಚ್ಚು ಜನ ಸುಟ್ಟು ಹೋದ್ರು. ಮಹಡಿ ಅಂದ್ರೆ ಬಯಲು ತಾನೇ, ಗಾಳಿ ಬೆಳಕು ಚೆನ್ನಾಗಿರತ್ತೆ ತಾನೇ, ಅಂತ ಅಂದುಕೊಂಡ ಜಾಗ ಅದು.

2017ರ ಡಿಸೆಂಬರ್ 29ರ ಮಧ್ಯರಾತ್ರಿ ಮುಂಬೈನ ಕಮಲಾ ಮಿಲ್ಸ್ ಆವರಣದಲ್ಲಿ ನಡೆದಿದ್ದು ನಿಮಗೆ ನೆನಪಿರಬಹುದು. ಆ ರಾತ್ರಿ ನಾವು ಸ್ಟುಡಿಯೋದಲ್ಲಿ ಬೆಳಗಾಗೋವರೆಗೆ ಕೂತಿದ್ವಿ. ಮಹಡಿ ಮೇಲಿನ ರೆಸ್ಟೋರೆಂಟ್. ಮೇಲೆ ಕಟ್ಟಿದ್ದ ಹೊದಿಕೆ, ಪರದೆ ಎಲ್ಲ ಬೇಗ ಹತ್ತಿ ಉರಿಯೋ ವಸ್ತು. 14 ಜನ ಸತ್ತರು, ಅವರಲ್ಲಿ 11 ಜನ ಹೆಣ್ಣುಮಕ್ಕಳು. ಎಲ್ಲಿ ಸಿಕ್ಕಿದ್ರು ಗೊತ್ತಾ ಹೆಚ್ಚಿನವರು? ಶೌಚಾಲಯದಲ್ಲಿ. ಉಸಿರು ಕಟ್ಟಿ. ಹೊರಗೆ ಹೋಗೋ ದಾರಿ ಸಿಗದೆ, ಗೋಡೆ ಇರೋ ಜಾಗ, ನೀರು ಇರೋ ಜಾಗ ಅಂತ ಒಳಗೆ ಓಡಿ ಹೋದ್ರು. ನಾವು ಶೌಚಾಲಯದ ಲೆಕ್ಕ ಬೇರೆ, ಬೆಂಕಿ ಲೆಕ್ಕ ಬೇರೆ ಅಂತ ಎರಡು ಫೈಲ್‌ನಲ್ಲಿ ಇಟ್ಕೊಂಡಿದ್ದೀವಿ. ಆ ರಾತ್ರಿ ಎರಡೂ ಒಂದೇ ಕೋಣೆಯಲ್ಲಿ ಸೇರಿತು.

ಅದಾದ ಹತ್ತು ದಿನಕ್ಕೆ, 2018ರ ಜನವರಿ 8ರಂದು ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಹತ್ರ ಬಾರ್ ಒಂದರಲ್ಲಿ ಬೆಂಕಿ. ಒಳಗೆ ಮಲಗಿದ್ದ ಐದು ಜನ ಕೆಲಸಗಾರರು ಹೋದ್ರು. 2023ರ ಅಕ್ಟೋಬರ್ 18, ಕೋರಮಂಗಲ ಬಳಿಯ ತಾವರೆಕೆರೆ ಮುಖ್ಯರಸ್ತೆ. ಮತ್ತೆ ಮಹಡಿ ಮೇಲಿನ ಕೆಫೆ, ಮತ್ತೆ ಬೆಂಕಿ. ನಾಲ್ಕನೇ ಮಹಡಿಯಿಂದ ಒಬ್ಬರು ಕೆಳಗೆ ಹಾರಿದ ದೃಶ್ಯ ನಾವೆಲ್ಲ ಚಾನೆಲ್‌ಗಳಲ್ಲಿ ತಿರುಗಿ ತಿರುಗಿ ತೋರಿಸಿದ್ವಿ. ಪ್ರತಿ ಸಲ ಬೆಂಕಿ ಆದ್ಮೇಲೆ ತಪಾಸಣೆ, ನೋಟಿಸು, ಬೀಗ. ಮೂರು ತಿಂಗಳಿಗೆ ಬೀಗ ತೆಗೆದು ದೀಪದ ಸರ ಹಾಕಿರ್ತಾರೆ. ಇದನ್ನ ಹೇಳೋಕೆ ನನಗೇನೂ ಸಂತೋಷ ಇಲ್ಲ.

ಹಾಗಂತ ಬನ್ನೂರಿನ ತೆಂಗಿನ ತೋಟವನ್ನೂ ಮುಂಬೈನ ಮಹಡಿಯನ್ನೂ ಒಂದೇ ತಕ್ಕಡಿಗೆ ಹಾಕೋದು ತಪ್ಪು. ನೆಲದ ಮೇಲೆ, ಬಯಲಲ್ಲಿ, ನಾಲ್ಕು ದಿಕ್ಕೂ ತೆರೆದಿರೋ ಜಾಗದಲ್ಲಿ ಹೊಗೆ ನಿಲ್ಲಲ್ಲ, ಜನ ಎತ್ತ ಬೇಕಾದ್ರೂ ಓಡಬಹುದು. ಅಲ್ಲಿ ಬೆಂಕಿ ಭಯ ಕಡಿಮೆ. ಗೇಟಿನ ಬೀಗ ತೆಗೆದು, ಟಾರ್ಪಾಲು ಇಳಿಸಿ, ಸಿಲಿಂಡರ್ ದೂರ ಇಟ್ರೆ ಬಾಗಿಲಿನ ಲೆಕ್ಕ ಬಹುಪಾಲು ಮುಗೀತು. ಮಹಡಿಗೆ ಹಾಗಲ್ಲ, ಅಲ್ಲಿಂದ ಇಳಿಯೋಕೆ ಇರೋದು ಮೆಟ್ಟಿಲು ಮಾತ್ರ. 2005ರ ಲೆಕ್ಕದಲ್ಲಿ ಒಂದು ಮೀಟರ್ ಮೆಟ್ಟಿಲಿಗೆ 80 ಜನ, ಅದೂ ಕೆಳಗಿನ ಮಹಡಿಯವರು ಅದೇ ಮೆಟ್ಟಿಲಿಗೆ ಬರದಿದ್ರೆ.

ಆದ್ರೆ ಶೌಚಾಲಯ? ಅದಕ್ಕೆ ಬಯಲು ಆದ್ರೇನು, ಮಹಡಿ ಆದ್ರೇನು. ಗಾಳಿಗೆ ಕೂತು ತಿಂದವರಿಗೆ ಮೂತ್ರ ಬರಲ್ವಾ? ತಲೆ ಎಣಿಸಲೇಬೇಕು.

ಸಂಹಿತೆಯಲ್ಲಿ ರೆಸ್ಟೋರೆಂಟ್‌ಗೆ ಹೀಗಿದೆ: 200 ಸೀಟಿನವರೆಗೆ ಪ್ರತಿ 50 ಸೀಟಿಗೆ ಗಂಡಸರಿಗೊಂದು, ಹೆಂಗಸರಿಗೊಂದು ಶೌಚಾಲಯ. ಗಂಡಸರಿಗೆ ಮೂತ್ರಾಲಯ ಬೇರೆ, ಅದೂ 50ಕ್ಕೆ ಒಂದು. ಕೆಲಸದವರಿಗೆ ಪ್ರತ್ಯೇಕ. ಬಡಿಸೋ ಹುಡುಗರು, ಪಾತ್ರೆ ತೊಳೆಯೋ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ರಾತ್ರಿವರೆಗೆ ಅಲ್ಲೇ ಇರ್ತಾರೆ, ಅವರನ್ನ ಯಾರೂ ನೆನಪಿಸಿಕೊಳ್ಳಲ್ಲ, ಸಂಹಿತೆ ನೆನಪಿಸಿಕೊಂಡಿದೆ. ಒಳಗಿನ 40 ಸೀಟಿಗೆ ಗಂಡಸರಿಗೊಂದು, ಹೆಂಗಸರಿಗೊಂದು, ಒಟ್ಟು ಎರಡು ಕೋಣೆ. ಹೊರಗಿನ 150 ಸೇರಿಸಿ 190 ಮಾಡಿದ್ರೆ ನಾಲ್ಕು ನಾಲ್ಕು, ಒಟ್ಟು ಎಂಟು. ಅಮೆರಿಕದ ಸಂಹಿತೆ ಸ್ವಲ್ಪ ಉದಾರ, ಒಂದೊಂದು ಲಿಂಗದ 75 ಜನಕ್ಕೆ ಒಂದು ಸಾಕು ಅನ್ನತ್ತೆ. ಆ ಲೆಕ್ಕದಲ್ಲೂ 190 ಜನಕ್ಕೆ, ಅರ್ಧ ಅರ್ಧ ಅಂತ ತಗೊಂಡ್ರೆ, ಎರಡು ಎರಡು ಬೇಕು. ನಾನು ನೋಡಿದ ಹೋಟೆಲ್‌ನಲ್ಲಿ ಇದ್ದಿದ್ದು ಒಂದು. ಒಳಗಿನ ಹಾಲ್‌ಗೇ ಒಂದು ಕಡಿಮೆ ಇತ್ತು.

ಇಲ್ಲೊಂದು ತಮಾಷೆ ಇದೆ, ಬೆಂಗಳೂರಿನವರಿಗೆ ಅರ್ಥ ಆಗತ್ತೆ. ಸಂಹಿತೆ ಎಣಿಸೋದು ಸೀಟನ್ನ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಶುರುವಾದ್ವು. ಅಲ್ಲಿ ಸೀಟೇ ಇಲ್ಲ, ನಿಂತ್ಕೊಂಡು ತಿನ್ನೋದು, ಅರ್ಧ ಜನ ಫುಟ್‌ಪಾತ್ ಮೇಲೆ. ಬೆಳಿಗ್ಗೆ ಎಂಟಕ್ಕೆ ನೂರು ಜನ ತಟ್ಟೆ ಹಿಡಿದು ನಿಂತಿರ್ತಾರೆ. ಸೀಟಿನ ಲೆಕ್ಕದಲ್ಲಿ ಎಷ್ಟು ಶೌಚಾಲಯ? ಸೊನ್ನೆಯನ್ನ ಐವತ್ತರಿಂದ ಭಾಗಿಸಿ ನೋಡಿ. ಅದಕ್ಕೇ ಸೀಟು ಒಂದನ್ನೇ ಅಲ್ಲ, ಜಾಗವನ್ನೂ ನೋಡಬೇಕು, ನಿಂತವರನ್ನೂ ಎಣಿಸಬೇಕು.

ನೀರಿನ ಲೆಕ್ಕ ಮರೀಬೇಡಿ. ರೆಸ್ಟೋರೆಂಟ್‌ಗೆ ಒಂದು ಸೀಟಿಗೆ ದಿನಕ್ಕೆ 70 ಲೀಟರ್ ಅಂತ ಸಂಹಿತೆ ಹೇಳತ್ತೆ. 40 ಸೀಟಿಗೆ 2,800 ಲೀಟರ್. 190 ಸೀಟಿಗೆ 13,300 ಲೀಟರ್. ಬಂದ ನೀರು ಎಲ್ಲಿಗೋ ಹೋಗಬೇಕಲ್ಲ? ಊರಾಚೆಯ ಹೋಟೆಲ್‌ಗೆ ಒಳಚರಂಡಿ ಎಲ್ಲಿಂದ ಬರತ್ತೆ? ಗುಂಡಿ. ನಲವತ್ತು ಜನಕ್ಕೆ ತೋಡಿದ ಗುಂಡಿಗೆ ಐದು ಪಟ್ಟು ತುಂಬಿಸಿದ್ರೆ ಅದು ಉಕ್ಕತ್ತೆ. ಬನ್ನೂರು ಸುತ್ತ ಏನಿದೆ? ನಾಲೆ, ಗದ್ದೆ, ತೋಟ, ಬೋರ್‌ವೆಲ್. ಸ್ವಲ್ಪ ಆಚೆ ಕಾವೇರಿ. ತೋಟದಲ್ಲಿ ಊಟ ಮಾಡ್ತಾ ಪಕ್ಕದ ಬೋರ್‌ವೆಲ್ ನೀರನ್ನ ಜಗ್‌ನಲ್ಲಿ ಕುಡೀತೀವಿ. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಲ್ಲ, ಊಟದ ಟೈಮ್ ಆಗಿರಬಹುದು ನಿಮಗೆ.

ಇನ್ನೊಂದು ವಿಷಯ ವಾಟ್ಸಾಪ್‌ನಲ್ಲಿ ಸುತ್ತತ್ತೆ. "1867ರ ಸರಾಯಿ ಕಾಯ್ದೆ ಪ್ರಕಾರ ಯಾವ ಹೋಟೆಲ್‌ಗೆ ಬೇಕಾದ್ರೂ ನುಗ್ಗಿ ಪುಕ್ಕಟೆ ನೀರು ಕುಡೀಬಹುದು, ಶೌಚಾಲಯ ಬಳಸಬಹುದು" ಅಂತ. ಸ್ವಾಮಿ, ಆ ಕಾಯ್ದೆ ಬ್ರಿಟಿಷರ ಕಾಲದಲ್ಲಿ ಪ್ರಯಾಣಿಕರು ತಂಗುತ್ತಿದ್ದ ಸರಾಯಿಗಳ ನೋಂದಣಿಗೆ, ಶುಚಿತ್ವಕ್ಕೆ ಮಾಡಿದ್ದು. ಊಟದ ಹೋಟೆಲ್‌ನಲ್ಲಿ ಎಷ್ಟು ಶೌಚಾಲಯ ಇರಬೇಕು ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ. ದಕ್ಷಿಣ ದೆಹಲಿ ಪಾಲಿಕೆ 2017ರಲ್ಲಿ ರೆಸ್ಟೋರೆಂಟ್‌ಗಳ ಶೌಚಾಲಯವನ್ನ ದಾರಿಹೋಕರಿಗೂ ತೆರೆಯಬೇಕು, ಬೇಕಾದ್ರೆ 5 ರೂಪಾಯಿವರೆಗೆ ತಗೊಳ್ಳಲಿ ಅಂತ ಮಾಡ್ತು. ಅದು ಪಾಲಿಕೆ ತಾನಾಗಿ ಮಾಡಿದ ತೀರ್ಮಾನ. ಅಂದ್ರೆ ಸ್ಥಳೀಯ ಸಂಸ್ಥೆ ಮನಸ್ಸು ಮಾಡಿದ್ರೆ ಆಗತ್ತೆ. ಬನ್ನೂರಿಗೂ ಒಂದು ಪುರಸಭೆ ಇದೆ.

ಈಗ ಹೋಟೆಲ್‌ನವರ ಕಡೆ ನಿಂತು ಮಾತಾಡ್ತೀನಿ, ಇಲ್ಲಾಂದ್ರೆ ನ್ಯಾಯ ಅಲ್ಲ. ಎಂಟು ಶೌಚಾಲಯ ಕಟ್ಟಿ ಅಂದ್ರೆ ಆ ಅಣ್ಣ ಎಲ್ಲಿಂದ ತರ್ತಾರೆ ದುಡ್ಡು? ಭಾನುವಾರ ಮಾತ್ರ ತೋಟ ತುಂಬತ್ತೆ. ಮಂಗಳವಾರ ಹೋಗಿ ನೋಡಿ, ಹಾಲ್‌ನಲ್ಲೇ ಜಾಗ ಖಾಲಿ. ಒಂದು ದಿನದ ಜನಕ್ಕೆ ಏಳು ದಿನದ ಖರ್ಚಾ? ಅವರ ಪ್ರಶ್ನೆ ಸರಿಯಾದದ್ದೇ. ಆದ್ರೆ ಅವರ ಆದಾಯ ಬರೋದೂ ಭಾನುವಾರವೇ ಅಲ್ವಾ? ಆ ನೂರೈವತ್ತು ಕುರ್ಚಿ ದುಡಿಯೋದು ಭಾನುವಾರ. ಕುರ್ಚಿಗೆ ಬಾಡಿಗೆ ಬಂದ ದಿನ ಶೌಚಾಲಯಕ್ಕೂ ಖರ್ಚು ಬರಬೇಕು. ಮತ್ತೆ, ಸಂಹಿತೆ ಸೀಟಿನ ಲೆಕ್ಕ ಹಾಕುವಾಗ ಜನ ಒಬ್ಬೊಬ್ಬರಾಗಿ ಬಂದು ಹೋಗ್ತಾರೆ ಅಂತ ಅಂದಾಜು. ನಮ್ಮ ಪ್ರವಾಸಿ ಊರುಗಳಲ್ಲಿ ಹಾಗಲ್ಲ. ಒಂದು ಬಸ್ ನಿಂತ್ರೆ ಐವತ್ತು ಜನ ಒಂದೇ ಸಲ ಇಳೀತಾರೆ, ಹದಿನೈದು ನಿಮಿಷದಲ್ಲಿ ಡ್ರೈವರ್ ಹಾರ್ನ್ ಹೊಡೀತಾನೆ. ಅದರಲ್ಲಿ ಹೆಂಗಸರೇ ಹೆಚ್ಚಿದ್ರೆ ನಾಲ್ಕು ಕೋಣೆಯೂ ಸಾಲದು.

ಅವರಿಗೆ ದಾರಿ ಇಲ್ಲವಾ? ಇದೆ. ಒಳಗಿನ ಕುರ್ಚಿ ಎತ್ತಿ ಹೊರಗೆ ಹಾಕಿದ್ರೆ ಒಟ್ಟು ತಲೆ ಹೆಚ್ಚಾಗಲ್ಲ. 2020ರ ಜೂನ್‌ನಲ್ಲಿ ಕೊರೊನಾ ಸಮಯದಲ್ಲಿ ನ್ಯೂಯಾರ್ಕ್ ನಗರ ಹೋಟೆಲ್‌ಗಳಿಗೆ ರಸ್ತೆ ಬದಿ ಟೇಬಲ್ ಹಾಕೋಕೆ ಬಿಟ್ಟಿತು. ಆಗ ಒಳಗೆ ಕೂರೋ ಹಾಗಿರಲಿಲ್ಲ, ಹೊರಗಿನವರು ಒಳಗಿನವರ ಬದಲಿಗೆ ಬಂದವರು. ಲೆಕ್ಕ ಕೆಡಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಒಳಗೂ ಕೂರೋಕೆ ಬಿಟ್ಟಾಗ ಎರಡೂ ಸೇರಿಕೊಳ್ತು. ನಮ್ಮಲ್ಲಿ ಮೊದಲಿಂದಲೂ ಎರಡೂ ಸೇರೇ ಇದೆ.

ಪುರಸಭೆಗೆ ನಾನು ಕೇಳೋದು ಬಹಳ ದೊಡ್ಡದೇನಲ್ಲ. ಹೋಟೆಲ್‌ಗೆ ಉದ್ದಿಮೆ ಪರವಾನಗಿ ಕೊಡ್ತೀರಲ್ಲ, ಪ್ರತಿ ವರ್ಷ ನವೀಕರಣ ಮಾಡ್ತೀರಲ್ಲ, ಅದರಲ್ಲಿ ಒಂದು ಸಾಲು ಹಾಕಿ: ಒಳಗೆ ಎಷ್ಟು ಸೀಟು, ಹೊರಗೆ ಎಷ್ಟು ಸೀಟು, ಒಟ್ಟು ಎಷ್ಟು. ಆ ಒಟ್ಟು ಸಂಖ್ಯೆಯನ್ನ ಕ್ಯಾಷ್ ಕೌಂಟರ್ ಮೇಲೆ ಬೋರ್ಡ್ ಬರೆಸಿ. ಶೌಚಾಲಯ ಎಷ್ಟಿದೆ ಅನ್ನೋದನ್ನೂ ಅದರ ಕೆಳಗೇ ಬರೆಸಿ. ಗಿರಾಕಿಗಳೇ ಎಣಿಸಿಕೊಳ್ತಾರೆ, ಇನ್‌ಸ್ಪೆಕ್ಟರ್ ಬರೋದೂ ಬೇಡ, ಬಂದು 'ಮಾಮೂಲು' ಕೇಳೋದೂ ಬೇಡ. ಆಹಾರ ಸುರಕ್ಷತೆ ಪರವಾನಗಿ ಬೇರೆ ಇದೆ. ಶೌಚಾಲಯದ ಬಾಗಿಲು ಅಡುಗೆ ಮಾಡೋ ಜಾಗಕ್ಕೆ ನೇರ ತೆರೆಯಬಾರದು ಅನ್ನೋದು ಅದರಲ್ಲಿದೆ, ಅದನ್ನಾದ್ರೂ ನೋಡ್ತಾರೆ ಅಂತ ಅಂದ್ಕೊಂಡಿದ್ದೀನಿ.

ಈ ಕಾರ್ಯಕ್ರಮ ಮಾಡೋ ಮುಂಚೆ ಆ ಅಣ್ಣನಿಗೆ ಫೋನ್ ಮಾಡಿದ್ದೆ. ನಿಮ್ಮ ಹೋಟೆಲ್ ಹೆಸರು ಹೇಳಲ್ಲ, ಆದ್ರೆ ವಿಷಯ ಹೇಳ್ತೀನಿ ಅಂದೆ. ಲೆಕ್ಕ ಎಲ್ಲ ಓದಿ ಹೇಳ್ದೆ. 190 ಸೀಟು, ಎಂಟು ಶೌಚಾಲಯ ಅಂದಾಗ ಜೋರಾಗಿ ನಕ್ಕರು. "ಎಂಟ್ ಕಟ್ಟುದ್ರೆ ಹೋಟೆಲ್ ಎಲ್ ಮಾಡದು ಸಾ?"

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ರು. "ನೂರು ಸೀಟಿಗೆ ಎಷ್ಟು ಸಾ?" ಅಂದ್ರು.

"ಗಂಡಸರಿಗೆ ಎರಡು, ಹೆಂಗಸರಿಗೆ ಎರಡು."

"ನೂರ್ ಮಾಡ್ಕತೀನಿ. ತ್ವಾಟದಾಗೆ ತೊಂಬತ್ತು ಕುರ್ಚಿ ತೆಗೀತೀನಿ. ಯುಗಾದಿ ಹೊತ್ಗೆ ಮೂರು ಕೋಣೆ ಕಟ್ತೀನಿ, ಇರೋದು ಸೇರಿ ನಾಕಾಯ್ತದೆ. ಹೆಂಗಸರ್ದು ಮೊದ್ಲು ಕಟ್ತೀನಿ. ನಿಮ್ಮತ್ತೆಯೋರ್ಗೆ ಹೇಳಿ."

ಗೇಟಿನ ಬೀಗ? ಅಂತ ಕೇಳ್ದೆ.

"ಅದು ತೆಗುದ್ರೆ ಬಿಲ್ ಕೊಡ್ದೆ ಓಡೋಯ್ತಾರೆ ಸಾ," ಅಂದ್ರು. ಅಲ್ಲೊಬ್ಬ ಹುಡುಗನನ್ನ ಕೂರಿಸಿ, ಬೀಗ ಬೇಡ ಅಂದೆ. ನೋಡನ ಅಂದ್ರು. ಯುಗಾದಿ ಆದ್ಮೇಲೆ ನಾನು ಮತ್ತೆ ಆ ದಾರೀಲಿ ಹೋಗ್ತೀನಿ.